ಚಹದ ಹೊತ್ತಿನ ಮಾತು

ವಸುಧಾ ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸಿದವರು. ನಿವೃತ್ತರಾದ ಮೇಲೆ, ಸ್ಯಾನ್ ಹೊಸೆ ಪಕ್ಕದ ಕ್ಯಾಂಪ್‌ಬೆಲ್ ಊರಿನ ಸುತ್ತ ವಲಸೆ ಬಂದು ನೆಲೆಸಿದ ಕನ್ನಡದ ಹಿರಿಯರ ಬದುಕಿನ ಕಥೆಗಳನ್ನು ಅವರದೇ ದನಿಯಲ್ಲಿ ಲೈಬ್ರರಿಗಾಗಿ ಧ್ವನಿಮುದ್ರಿಸತೊಡಗಿದರು. ಶಿಸ್ತು ಮಾತ್ರ ಹಳೆಯದೇ. ಫ್ರಿಜ್ ಗುಂಯ್‌ಗುಟ್ಟಿದರೆ ಪ್ಲಗ್ ಕೀಳಿಸುವರು. ಚಹ ಬಂದರೆ ಕಪ್ಪು-ಬಸಿಗಳ ಸದ್ದು ಸೇರಬಾರದೆಂದು ರೆಕಾರ್ಡರನ್ನೇ ನಿಲ್ಲಿಸುವರು.

ಗದಗಿನ ಕಡೆಯ ನೂರುನ್ನಿಸಾ ಅವರ ಮನೆಗೆ ನಾಲ್ಕು ಭಾನುವಾರ ಹೋದರು. ರೆಕಾರ್ಡರ್ ನಡೆಯುವಾಗ ಎಂಬತ್ತೆರಡರ ಆ ಮುದುಕಿ ಸೆರಗು ಸರಿಮಾಡಿಕೊಂಡು ಕೇಳಿದಷ್ಟಕ್ಕೇ ಉತ್ತರ ಕೊಡುತ್ತಿದ್ದರು. ಚಹ ಬಂದೊಡನೆ ಬೇರೆಯೇ ಹೆಂಗಸು.

“ಬಂದ್ ಮಾಡಿದ್ಯೇನವಾ? ಪೊಲೀಸರ ಮುಂದ ಕುಂತಂಗ ಆಗಿತ್ತು ನನಗ. ಈಗ ಕೇಳು.”

ಆಗ ಬರುತ್ತಿತ್ತು ಲಾನ್‌ಳ ಕಥೆ. ಸ್ಯಾನ್ ಹೊಸೆಯಲ್ಲಿ ವಿಯೆಟ್ನಾಮಿನ ಲಾನ್‌ಳ ಹೊಲಿಗೆ ಅಂಗಡಿ, ಅಲ್ಲಿ ನೂರುನ್ನಿಸಾ ಕೆಲಸಕ್ಕಿದ್ದರು. ಇಬ್ಬರಿಗೂ ಒಂದು ಸಮಾನ ಭಾಷೆಯಿಲ್ಲ, ಜಗಳವೆಲ್ಲ ಬಟ್ಟೆಯ ಮೇಲೆ ಎಳೆಯುವ ಸೀಮೆಸುಣ್ಣದ ಗೆರೆಗಳಲ್ಲೇ. ಲಾನ್‌ಳ ತಾಯಿ ಅವಳ ಊರಲ್ಲಿ ತೀರಿಕೊಂಡ ದಿನ ಅಂಗಡಿ ಮುಚ್ಚಿ, ಅವರ ಕಡೆ ಸೂತಕದಲ್ಲಿ ತಲೆಗೆ ಕಟ್ಟುವ ಬಿಳಿ ಬಟ್ಟೆಗೆ ಇಬ್ಬರೂ ಸೇರಿ ಅಂಚು ಹೊಲಿದದ್ದು. ವಸುಧಾ ಕಣ್ಣೊರೆಸಿಕೊಂಡರು. ಮುಂದಿನ ವಾರ ರೆಕಾರ್ಡರ್ ಹಚ್ಚಿ ಸರಿಯಾಗಿ ಕೇಳೋಣ ಎಂದುಕೊಂಡರು. ಕೇಳಿದರೆ, “ಹೌದ್ರಿ, ಅಂಗಡ್ಯಾಗ ಕೆಲಸ ಮಾಡೀನಿ” ಎಂದಷ್ಟೇ.

ಐದನೆಯ ವಾರ ಪಾರ್ಶ್ವವಾಯು ಬಡಿಯಿತು. ನೂರುನ್ನಿಸಾ ಅವರ ಮಾತು ನಿಂತಿತು, ಬಲಗೈ ಬಿದ್ದುಹೋಯಿತು. ಮಗ ಬಶೀರ್ ಫೋನ್ ಮಾಡಿದರು: “ಅಕ್ಕಾ, ಲಾನ್ ಆಂಟಿ ಕಥೆ ಅಮ್ಮಿ ನಮಗೆ ಪೂರ್ತಿ ಹೇಳೇ ಇಲ್ಲ. ನಿಮ್ಮ ಹತ್ರ ಇದೆಯಲ್ಲ? ಅದೊಂದು ಕಳಿಸಿ.”

ವಸುಧಾ ಆರು ಗಂಟೆಗಳ ಧ್ವನಿಮುದ್ರಿಕೆಯನ್ನು ಎರಡು ಸಲ ಕೇಳಿದರು. ಕಥೆ ಶುರುವಾಗಬೇಕಾದಲ್ಲೆಲ್ಲ ಒಂದು ಟಕ್. ರೆಕಾರ್ಡರ್ ನಿಲ್ಲಿಸಿದ ಅವರದೇ ಬೆರಳಿನ ಸದ್ದು.

ಚಹ ಬಂದಾಗಲೆಲ್ಲ ರೆಕಾರ್ಡರ್ ನಿಲ್ಲಿಸಿದ್ದನ್ನು ಮನೆಗೇ ಹೋಗಿ ಹೇಳಿದರು. ಬಶೀರ್ ಕೇಳಿದರು: “ಕಪ್ಪಿನ ಸೌಂಡಿಗೆ ಹೆದರಿ ನೀವು ಅಮ್ಮೀನೇ ಬಿಟ್ಟುಬಿಟ್ರಾ?”

“ನಾನು ಕೇಳಿದ್ದನ್ನ ಅವರ ಮುಂದೇನೇ ಹೇಳ್ತೀನಪ್ಪ. ತಪ್ಪಿದ್ರೆ ಅವರೇ ತಿದ್ದಲಿ.”

ಹಾಸಿಗೆಯ ಪಕ್ಕ ಕೂತು, ರೆಕಾರ್ಡರ್ ಹಚ್ಚಿ, ಶುರುಮಾಡಿದರು. “ಬಿಳಿ ಬಟ್ಟೆ ಮೂರು ಮೊಳ...” ನೂರುನ್ನಿಸಾ ಅವರ ಎಡಗೈ ಹಾಸಿಗೆಯನ್ನು ಬಡಿಯಿತು. “ನಾಲ್ಕು?” ಮತ್ತೆ ಬಡಿತ. “ಐದು?” ಕೈ ಸುಮ್ಮನಾಯಿತು. ಬಶೀರ್ ಕುರ್ಚಿ ಹತ್ತಿರಕ್ಕೆಳೆದುಕೊಂಡರು.

ಲಾನ್‌ಳ ತಾಯಿಯ ಹೆಸರಿನವರೆಗೆ ಬಂದರು. ನೂರುನ್ನಿಸಾ ಅದನ್ನು ಎರಡು ಸಲ ಹೇಳಿದ್ದರು. ಲಾನ್ ಇಲ್ಲವಾದ ಮೇಲೆ ಈ ಕಡೆ ಅದು ಗೊತ್ತಿದ್ದವರು ಇಬ್ಬರೇ: ಹೇಳಿದ ಅವರು, ಕೇಳಿದ ವಸುಧಾ. ವಸುಧಾ ಒಂದು ಹೆಸರು ಹೇಳಿದರು. ಬಡಿತ. ಇನ್ನೊಂದು. ಬಡಿತ. ಮುದುಕಿಯ ಬಾಯಿ ತೆರೆಯಿತು. ಉಸಿರು ಮಾತ್ರ ಬಂತು.

“ಮರೆತುಹೋಯ್ತು, ತಾಯಿ,” ಎಂದರು ವಸುಧಾ.

“ಸಾಕು ಅಕ್ಕಾ, ದಣಿದಿದ್ದಾರೆ,” ಎಂದು ಬಶೀರ್ ತಾಯಿಯ ಕೈ ಹಿಡಿದುಕೊಂಡರು. ಆ ಹಿಡಿತದೊಳಗೂ ಕೈ ಬಡಿಯುತ್ತಲೇ ಇತ್ತು.