ನೇತ್ರಾಣಿಯ ನೀರಿಗೆ ಬಿದ್ದ ಲಿಂಗ

ಮಸ್ಕಿ ಮಲ್ಲಯ್ಯನ ಭಕ್ತರೆಲ್ಲರಿಗೂ ಶರಣು. ಸಮುದ್ರದಲ್ಲಿ ಮುಳುಗಿದ ನನ್ನ ಯಜಮಾನರು ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಆ ಹೊತ್ತಿನ ಕಥೆಯನ್ನು ಬರೆಯುತ್ತೇನೆ.

ನಾನು ಮಲ್ಲಯ್ಯನ ಗುಡ್ಡವಿರುವ ಮಸ್ಕಿಯಲ್ಲಿ ಶಾಲಾ ಶಿಕ್ಷಕಿ. ಅವರು ಸಿಂಧನೂರಿನ ಕಚೇರಿಯೊಂದರಲ್ಲಿ ಗುಮಾಸ್ತರು. ಬಣ್ಣದ ಮೀನುಗಳನ್ನು ಸಮುದ್ರದೊಳಗೇ ನೋಡಬೇಕೆಂದು ಹಠ ಹಿಡಿದವಳು ನಾನು. ಕಳೆದ ವರ್ಷ ಚಳಿಗಾಲದ ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ ಲಿಂಗಸುಗೂರಿನಿಂದ ಹುಬ್ಬಳ್ಳಿ ಬಸ್ಸು, ಅಲ್ಲಿಂದ ಮುರುಡೇಶ್ವರ, ಮರುದಿನ ಬೆಳಿಗ್ಗೆ ದೋಣಿಯಲ್ಲಿ ನೇತ್ರಾಣಿ ದ್ವೀಪ. ಕಣ್ಣಿಗೆ ಮುಖವಾಡ, ಬಾಯಿಗೆ ಉಸಿರಾಡುವ ಕೊಳವೆ, ಮೈಗೆ ಲೈಫ್ ಜಾಕೆಟ್. ತೇಲುತ್ತಾ ಕೆಳಗೆ ನೋಡುವುದು, ಅಷ್ಟೇ ಕೆಲಸ.

ನಮ್ಮವರ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅದನ್ನು ಬ್ಯಾಗಿನಲ್ಲಿಡಿ ಎಂದು ದೋಣಿಯವರು ಹೇಳಿದರು. "ಇದು ಸತ್ತ ಮ್ಯಾಲೂ ತಗಿಯೂದಲ್ರೀ" ಎಂದು ಇವರು ಕರಡಿಗೆಯನ್ನು ಜಾಕೆಟ್ಟಿನ ಮೇಲೆ ಇಳಿಬಿಟ್ಟುಕೊಂಡರು. ಏಣಿ ಇಳಿಯುವಾಗ ದಾರ ಸಿಕ್ಕಿಕೊಂಡು ಹರಿಯಿತು. ಕರಡಿಗೆ ನೀರುಪಾಲಾಯಿತು.

ಜಾಕೆಟ್ ಇದ್ದರೆ ಮುಳುಗಲು ಬರುವುದಿಲ್ಲ. ಜವಳಗೇರಾದ ಕಾಲುವೆಯಲ್ಲಿ ಈಜು ಕಲಿತ ಮನುಷ್ಯ, "ತರ್ತೀನಿ ತಡಿ" ಎಂದವರೇ ಜಾಕೆಟ್ ಬಿಚ್ಚಿ ಒಳಗೆ ಹೋದರು. ಕಾಲುವೆಯಲ್ಲಿ ತಳ ಕಾಲಿಗೆ ಸಿಗುತ್ತದೆ, ಸಮುದ್ರದಲ್ಲಿ ಎಲ್ಲಿ ಸಿಗಬೇಕು? ದೋಣಿಯವನೊಬ್ಬ ಹಿಂದೆಯೇ ಹಾರಿ ಬರಿಗೈಯಲ್ಲಿ ಮೇಲೆ ಬಂದ.

ನಾನು ಏಣಿ ಹಿಡಿದು ಒದರಿದೆ. "ಮಲ್ಲಯ್ಯಾ, ನಿನ್ನ ಗುಡ್ಡ ಹತ್ತಿ ಹತ್ತಿ ನನ್ನ ಮೊಣಕಾಲು ಸವದಾವ. ಇವ್ರನ್ನ ಕಸಗೊಂಡ್ರ ನಿನ್ನ ಮೆಟ್ಟಲ ತುಳಿಯಂಗಿಲ್ಲ ನೋಡು." ಅದು ಪ್ರಾರ್ಥನೆಯಲ್ಲ, ಜಗಳ.

ಆಗ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಮುಳುಗುಗಾರನೊಬ್ಬ ಇವರನ್ನು ಎಳೆದುಕೊಂಡು ಮೇಲೆ ಬಂದ. ಮುಖ ನೀಲಿಗಟ್ಟಿತ್ತು. ಎದೆ ಒತ್ತಿದರು, ದಡಕ್ಕೆ ತಂದರು, ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದರು. ಎರಡು ದಿನ ಐಸಿಯು ಬಾಗಿಲಲ್ಲೇ ಕುಳಿತೆ.

ಮೂರನೆಯ ದಿನ ಎಚ್ಚರವಾಯಿತು. ಅವರ ಕೈ ಮೊದಲು ಹೋದದ್ದು ಕೊರಳಿಗೆ. ಲಿಂಗಪೂಜೆಯಿಲ್ಲದೆ ಹನಿ ನೀರನ್ನೂ ಮುಟ್ಟದ ಮನುಷ್ಯ. "ಲಿಂಗ ಹೋದಾಂವಗ ಜೀವ ಯಾಕ" ಎಂದು ಗೋಡೆಯ ಕಡೆ ಹೊರಳಿದರು. ಸಲೈನ್ ಸೂಜಿಯನ್ನೂ ಕಿತ್ತರು. ಡಾಕ್ಟರು ಬೈದರು, ನಾನು ಇವರ ಕಾಲು ಹಿಡಿದೆ. ಹೊಸ ಲಿಂಗ ಕಟ್ಟಲು ಬನ್ನಿರೆಂದು ನಮ್ಮ ಮಠದ ಸ್ವಾಮಿಗಳಾದ ಅಜ್ಜಾರಿಗೆ ಫೋನ್ ಮಾಡಿದೆ, ಬಸ್ಸು ಹಿಡಿದು ಬರಲು ಅವರಿಗೂ ಹೊತ್ತು ಬೇಕಲ್ಲ. ಸಮುದ್ರ ಬಿಟ್ಟುಕೊಟ್ಟವರು ಮಂಚದ ಮೇಲೆ ಜೀವ ಬಿಡುತ್ತಾರೆಂದು ನನಗೆ ಖಾತ್ರಿಯಾಯಿತು.

ಸಂಜೆ ಆ ಮುಳುಗುಗಾರ ನೋಡಲು ಬಂದ. ಹೇಗೆ ಸಿಕ್ಕರಪ್ಪ ಎಂದು ಕೇಳಿದೆ.

"ನಾನು ನೀರಿನ ಕೆಳಗೆ ಬೇರೆಯವರಿಗೆ ಮೀನು ತೋರಿಸ್ತಾ ಇದ್ದೆ ಅಕ್ಕ, ಮೇಲೆ ನೋಡೋ ಕೆಲಸವೇ ಇರಲಿಲ್ಲ. ಮುಖದ ಎದುರೇ ಏನೋ ಬೆಳ್ಳಗೆ ಹೊಳೀತಾ ಕೆಳಗೆ ಹೋಯ್ತು. ಎಲ್ಲಿಂದ ಬಿತ್ತು ಅಂತ ತಲೆ ಎತ್ತಿದೆ, ಇವರು ಕಂಡ್ರು."

ಇವರು ಹೊರಳಿ ಅವನನ್ನೇ ನೋಡಿದರು. ತಲೆ ಎತ್ತಿ ಹೇಳಿದರು, "ಹಂಗಾರ ಅದು ಕಳದಿಲ್ಲ. ಈ ತಮ್ಮನ್ನ ಕರಿಯಾಕ ಹೋಗಿತ್ತು." ಆಮೇಲೆ ನನ್ನ ಕಡೆ ಕೈ ಚಾಚಿ ನೀರು ಕೇಳಿದರು.

ಮರುದಿನ ಅಜ್ಜಾರು ಬಂದು ಹೊಸ ಲಿಂಗ ಕಟ್ಟಿದರು. ಇಂದು ಇವರು ಎಂದಿನಂತೆ ಕಚೇರಿಗೆ ಹೋಗುತ್ತಾರೆ. ನಾನು ಪ್ರತಿ ಸೋಮವಾರ ಗುಡ್ಡ ಹತ್ತುತ್ತೇನೆ. ಮಲ್ಲಯ್ಯಾ, ಅಂದು ಆಡಿದ ಮಾತಿಗೆ ಕ್ಷಮಿಸು. ನಿನ್ನ ಸಂಗಡ ಅಲ್ಲದೆ ಇನ್ನಾರ ಸಂಗಡ ಜಗಳಾಡಲಿ?