'ಆಯ್ತು' ಎಂಬ ಮಾತಿಗೆ ನಾನು ಹೇಳಿದ ಅರ್ಥ

ನಿಮ್ಮನ್ನು ಆ ಪರೀಕ್ಷೆಯಲ್ಲಿ ಫೇಲು ಮಾಡಿಸಿದ್ದು ನಾನು, ಮಲ್ಲಿಕಾರ್ಜುನ — ಬೇಕೆಂದೇ ಮಾಡಿಸಿದೆ. ನಿಮ್ಮ ಕೈ ತಪ್ಪಿರಲಿಲ್ಲ, ಲೆಕ್ಕಾಚಾರ ತಪ್ಪಿರಲಿಲ್ಲ, ಮಾತೂ ತಪ್ಪಿರಲಿಲ್ಲ. ರಿಯಾಕ್ಟರ್ ನಡೆಸುವ ಲೈಸೆನ್ಸು ನಿಮಗೆ ಸಿಗಬೇಕಾಗಿತ್ತು. ಒಂದು ಕನ್ನಡ ಪದಕ್ಕೆ ನಾನು ಹೇಳಿದ ಅರ್ಥದಿಂದ ಅದು ತಪ್ಪಿಹೋಯಿತು. ಆ ದಿನ ಕ್ವಾರ್ಟರ್ಸಿಗೆ ಬಂದು ನಾನು ಎರಡನೆಯ ಸಲ ಬಡಿಸಿಕೊಂಡು ಊಟ ಮಾಡಿದೆ — ಅಷ್ಟು ಹಸಿವು, ಅಷ್ಟು ಖುಷಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬರೆಯುತ್ತಾ ಹೋದಂತೆ ಮನುಷ್ಯರು ತಮ್ಮನ್ನು ತಾವೇ ಒಳ್ಳೆಯವರನ್ನಾಗಿ ಮಾಡಿಕೊಳ್ಳುತ್ತಾರೆ. ನಾನೂ ಹಾಗೆ ಮಾಡಬಾರದಲ್ಲ.

ಕಾರಣ ನಿಮಗೆ ನೆನಪಿಲ್ಲ. ಅದೇ ನನಗೆ ಈಗಲೂ ಉರಿಯುವುದು.

ನೀವು ಅಣುವಿದ್ಯುತ್ ಸ್ಥಾವರಕ್ಕೆ ಹೊಸದಾಗಿ ಸೇರಿ ತರಬೇತಿಯಲ್ಲಿದ್ದಿರಿ. ನಾನಾಗಲೇ ಲೈಸೆನ್ಸು ಪಡೆದು ಕಂಟ್ರೋಲ್ ರೂಮಿನಲ್ಲಿ ಕೂರುತ್ತಿದ್ದೆ. ಅಷ್ಟು ದೊಡ್ಡ ಸ್ಥಾವರದಲ್ಲಿ ನಾವಿಬ್ಬರೂ ಬೆಂಗಳೂರಿನವರು, ಅದರಲ್ಲೂ ಪಶ್ಚಿಮದ ಕಡೆಯವರು — ನೀವು ವಿಜಯನಗರ, ನಾನು ಬಸವೇಶ್ವರನಗರ. ಒಂದೇ ಜನ, ಹತ್ತಿರ ಹತ್ತಿರದ ಮನೆ, ಒಂದೇ ಕಡೆ ಕೆಲಸ. ಯಾರೋ ಹಿರಿಯರು ಎರಡೂ ಮನೆಗೆ ಸುದ್ದಿ ಮುಟ್ಟಿಸಿದರು. ರಜೆಗೆ ಬಂದಿದ್ದಾಗ ಒಂದು ಭಾನುವಾರ ನೀವು, ನಿಮ್ಮ ತಾಯಿ ನಮ್ಮ ಮನೆಗೆ ಬಂದಿರಿ. ನಾನು ಸೀರೆ ಉಟ್ಟು ಕೂತಿದ್ದೆ. ನಿಜ ಹೇಳುತ್ತೇನೆ, ನೀವು ನನಗೆ ಹಿಡಿಸಿದ್ದಿರಿ.

ನಿಮ್ಮ ತಾಯಿ ಹುಬ್ಬಳ್ಳಿ ಕಡೆಯವರು, ಮನಸ್ಸಿನಲ್ಲಿದ್ದದ್ದನ್ನು ಹೊರಗೇ ಇಡುವ ಹೆಂಗಸು. ಪಾಯಸದ ಬಟ್ಟಲು ಕೆಳಗಿಟ್ಟು ನನ್ನ ಅಪ್ಪನಿಗೆ ಹೇಳಿದರು: "ನಮ್ಗ ಇವ್ನೊಬ್ನ ಮಗ ರೀ. ವಂಶ ಬೆಳಿಬೇಕಲ್ರಿ. ಆ ಅಣು-ಗಿಣು ಅಂತ ಒಳಗ ಕುಂದ್ರೋ ಹುಡುಗಿ... ನಾಳೆ ಮಕ್ಳು ಮರಿ ಹೆಚ್ಚುಕಡಿಮಿ ಆದ್ರ ಯಾರನ್ನ ಕೇಳೂದು?"

ಅವರ ಮೇಲೆ ನನಗೆ ಅಷ್ಟು ಕೋಪ ಬರಲಿಲ್ಲ, ಆ ಗಳಿಗೆಯಲ್ಲಿ. ತಿಳಿಯದವರು ಕೇಳುತ್ತಾರೆ, ಹಾಗೇನೂ ಆಗುವುದಿಲ್ಲ ಎಂದು ತಿಳಿದವರು ಹೇಳಬೇಕು. ತಿಳಿದವರು ನೀವಿದ್ದಿರಲ್ಲ — ವಿಕಿರಣ ಸುರಕ್ಷತೆಯ ಪರೀಕ್ಷೆಯಲ್ಲಿ ನಿಮ್ಮ ಬ್ಯಾಚಿಗೇ ಮೊದಲಿಗರು. ಅಪ್ಪ ನಿಮ್ಮ ಕಡೆ ತಿರುಗಿ, ನೀವೂ ಅಲ್ಲೇ ಇದ್ದೀರಿ, ನೀವೇ ಹೇಳಿ ಎಂದರು. ಅವರ ದನಿಯಲ್ಲಿ ಎಂಥ ನಂಬಿಕೆಯಿತ್ತು! ನೀವು ಬಟ್ಟಲಿನಲ್ಲಿ ಚಮಚ ಆಡಿಸುತ್ತಾ ಅಂದಿರಿ: "ಅಮ್ಮ ಹೇಳೋದ್ರಲ್ಲೂ ಒಂದು ಅರ್ಥ ಇದೆ ಅಂಕಲ್."

ಪುಸ್ತಕದ ಬದನೆಕಾಯಿ ಅಡುಗೆಗೆ ಬರುವುದಿಲ್ಲ ಎನ್ನುತ್ತಾರೆ. ನಿಮ್ಮದು ಬಾಯಿಗೂ ಬರಲಿಲ್ಲ. ನೀವೂ ಅದೇ ಗೇಟಿನಿಂದ ಒಳಗೆ ಹೋಗುತ್ತಿದ್ದಿರಿ, ವಿಕಿರಣ ಅಳೆಯುವ ಅದೇ ಬ್ಯಾಡ್ಜು ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದಿರಿ. ನಿಮಗೆ ಮಕ್ಕಳಾಗುತ್ತವೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಅಪ್ಪ ನಿಮ್ಮನ್ನು ಗೇಟಿನವರೆಗೂ ಬೀಳ್ಕೊಟ್ಟು ಬಂದು, ಚಪ್ಪಲಿ ಬಿಡುವುದನ್ನೂ ಮರೆತು ಹಾಗೇ ಕುರ್ಚಿಯಲ್ಲಿ ಕೂತರು.

ನಂತರ ಆ ಮಾತು ನಿಮ್ಮ ಮನೆಯಲ್ಲಿ ಉಳಿಯಲಿಲ್ಲ. ಮದುವೆಮನೆಗಳಲ್ಲಿ, ಗೃಹಪ್ರವೇಶಗಳಲ್ಲಿ ಅಮ್ಮನ ಪಕ್ಕ ಕೂತವರು ದನಿ ತಗ್ಗಿಸಿ ಕೇಳತೊಡಗಿದರು — ಹೌದಂತಲ್ಲ, ಅಲ್ಲಿ ಕೆಲಸ ಮಾಡೋರಿಗೆ ಹಾಗಾಗುತ್ತಂತಲ್ಲ. ಮಾತಾಡಿ ಮುಗಿದಂತಿದ್ದ ಇನ್ನೊಂದು ಸಂಬಂಧವೂ ಮುರಿಯಿತು. ಅಲ್ಲಿಯೇ ಕೆಲಸ ಮಾಡುವ ಹುಡುಗನೇ ಬೇಡ ಅಂದಿದ್ದಾನೆ ಎಂಬುದು ಅವರ ಕಾರಣ. ಅದಕ್ಕಿಂತ ದೊಡ್ಡ ಪೆಟ್ಟು ಮನೆಯೊಳಗೇ ಬಿತ್ತು. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಮಗಳು ರಿಯಾಕ್ಟರ್ ನಡೆಸುತ್ತಾಳೆ ಎಂದು ಹೇಳಿಕೊಳ್ಳುತ್ತಿದ್ದ ಅಪ್ಪ ಒಂದು ಸಂಜೆ ನನ್ನ ಮುಖ ನೋಡದೆ ಅಂದರು: "ಬಿಟ್ಬಿಡು ಮಗಳೇ ಆ ಕೆಲಸ." ಅವರೂ ನಂಬಿಬಿಟ್ಟಿದ್ದರು. ಅಪ್ಪನನ್ನು ನನ್ನಿಂದ ಕಿತ್ತುಕೊಂಡವರು ನೀವು — ಹಾಗಂತಲೇ ನಾನು ಎಣಿಸಿದೆ. ಈಗಲೂ ಹಾಗೇ ಎಣಿಸುತ್ತೇನೆ.

ಮದುವೆಯಲ್ಲಿ ಕೊಟ್ಟ ಉಡುಗೊರೆಗೆ ಮುಯ್ಯಿ ಎನ್ನುತ್ತಾರೆ. ಪಡೆದವರು ಎಂದಾದರೂ ಹಿಂದಿರುಗಿಸಲೇಬೇಕು. ಸೇಡಿಗೂ ನಮ್ಮ ಭಾಷೆಯಲ್ಲಿ ಅದೇ ಹೆಸರು. ನಿಮ್ಮ ಮುಯ್ಯಿ ತೀರಿಸುವ ದಿನಕ್ಕೆ ನಾನು ಕಾದೆ. ನೀವು ಎದುರು ಸಿಕ್ಕಾಗ ನಗುತ್ತಲೇ ಮಾತಾಡಿಸುತ್ತಿದ್ದೆ, ಓದು ಹೇಗೆ ನಡೆದಿದೆ ಎಂದು ಕೇಳುತ್ತಿದ್ದೆ. ಆ ಮನೆ, ಆ ಭಾನುವಾರ, ಏನೂ ನಡೆದೇ ಇಲ್ಲವೆಂಬಂತೆ ನೀವೂ ನಗುತ್ತಿದ್ದಿರಿ.

ಕೆಲವು ವರ್ಷಗಳ ಮೇಲೆ ನಿಮ್ಮ ಲೈಸೆನ್ಸ್ ಪರೀಕ್ಷೆ ಬಂತು. ಬರವಣಿಗೆಯ ಪರೀಕ್ಷೆಗಳನ್ನು ನೀವು ನೀರು ಕುಡಿದಂತೆ ಮುಗಿಸಿದ್ದಿರಿ. ಉಳಿದದ್ದು ಸಿಮ್ಯುಲೇಟರ್ — ಕಂಟ್ರೋಲ್ ರೂಮಿನ ತದ್ರೂಪಿನಂಥ ಕೋಣೆ, ಅಲ್ಲಿ ಸುಳ್ಳು ಅಪಘಾತಗಳನ್ನು ತಂದೊಡ್ಡಿ ಅಭ್ಯರ್ಥಿ ಹೇಗೆ ನಿಭಾಯಿಸುತ್ತಾನೆಂದು ನೋಡುತ್ತಾರೆ. ಮುಖ್ಯ ಪರೀಕ್ಷಕರು ನಂಬಿಯಾರ್ ಸರ್, ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಕೇರಳದವರು, ಕನ್ನಡ ಒಂದಕ್ಷರ ಬಾರದು. ನಾನು ಸಹಪರೀಕ್ಷಕಿ, ಒಳಗೆ ನಿಮ್ಮ ಶಿಫ್ಟ್ ಇನ್‌ಚಾರ್ಜ್ ಪಾತ್ರವೂ ನನ್ನದೇ. ಅಂದರೆ ಅಪ್ಪಣೆ ಕೊಡುವವಳು ನಾನು, ಪಾಲಿಸುವವರು ನೀವು.

ಕಂಟ್ರೋಲ್ ರೂಮಿನ ಮಾತಿನ ಕಟ್ಟಳೆ ಹೊರಗಿನವರಿಗೆ ವಿಚಿತ್ರವಾಗಿ ಕಂಡೀತು. ಹೇಳಿದ್ದನ್ನು ಅಕ್ಷರಶಃ ತಿರುಗಿ ಹೇಳಬೇಕು, ಆಮೇಲೆ ಮಾಡಬೇಕು, ಮಾಡಿದ ಮೇಲೆ ಮಾಡಿದೆ ಎಂದು ಹೇಳಬೇಕು. ಎಲ್ಲವೂ ಇಂಗ್ಲಿಷಿನಲ್ಲಿ. ಮಾಡದೆ ಮಾಡಿದೆ ಅನ್ನುವುದಕ್ಕಿಂತ ದೊಡ್ಡ ಪಾಪ ಅಲ್ಲಿಲ್ಲ. ಕೈ ತಪ್ಪಿದವನಿಗೆ ಮತ್ತೆ ಕಲಿಸಬಹುದು, ಸುಳ್ಳು ವರದಿ ಕೊಟ್ಟವನನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ನೀವು ಆ ಕಟ್ಟಳೆಯನ್ನು ಕೊನೆಯ ಸನ್ನಿವೇಶದವರೆಗೂ ಒಂದಿಷ್ಟೂ ಬಿಡದೆ ಪಾಲಿಸಿದಿರಿ. ನಾನು ನೋಡುತ್ತಾ ಕೂತಿದ್ದೆ. ಇವರು ಪಾಸಾಗುತ್ತಾರೆ... ಆಮೇಲೆ ನನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತಾರೆ.

ಕೊನೆಯ ಸನ್ನಿವೇಶದಲ್ಲಿ ಒಂದು ಪಂಪು ನಿಂತಿತು, ಒಂದು ಕೊಳವೆ ಸೋರತೊಡಗಿತು. ಅಲಾರಮ್ಮುಗಳು ಒಂದರ ಮೇಲೊಂದು ಕೂಗುತ್ತಿದ್ದವು. ಆಗ ನಾನು — ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ — ಕನ್ನಡದಲ್ಲಿ ಅಪ್ಪಣೆ ಕೊಟ್ಟೆ. ಮನೆಯವರು ಕರೆದಷ್ಟು ಮೆತ್ತಗೆ, "ಮಲ್ಲಿಕಾರ್ಜುನ್, ಆ ವಾಲ್ವ್ ಮುಚ್ಚಿ."

ನೀವು ತಿರುಗಿಯೂ ನೋಡದೆ ಅಂದಿರಿ: "ಆಯ್ತು ಮೇಡಂ."

ಬಾಯಿತಪ್ಪಿ ಕನ್ನಡ ಬಂತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಬಾಯಿತಪ್ಪಿ ಅಲ್ಲ. ಮಾತೃಭಾಷೆಯಲ್ಲಿ ಕರೆದರೆ ಮನುಷ್ಯ ಮಾತೃಭಾಷೆಯಲ್ಲೇ ಓಗೊಡುತ್ತಾನೆ ಎಂದು ನನಗೆ ಗೊತ್ತಿತ್ತು. ಇಂಗ್ಲಿಷ್ ಬಿಟ್ಟದ್ದಕ್ಕೆ ಒಂದೆರಡು ಅಂಕ ಕಳೆಯಬಹುದು, ಅಷ್ಟೇ ನನ್ನ ಎಣಿಕೆ. ಅದಕ್ಕಿಂತ ದೊಡ್ಡದನ್ನು ನೀವೇ ನನ್ನ ಕೈಗಿಟ್ಟಿರಿ. ಯಾಕೆಂದರೆ ನೀವು ಮೊದಲು ಬದಲಿ ಪಂಪು ಓಡುತ್ತಿದೆಯೇ ಎಂದು ನೋಡಿದಿರಿ, ಆಮೇಲೆ ವಾಲ್ವ್ ಮುಚ್ಚಿದಿರಿ. ಅದೇ ಸರಿಯಾದ ಕ್ರಮ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ರೆಕಾರ್ಡಿನಲ್ಲಿ 'ಆಯ್ತು' ಮೊದಲು ಕೇಳಿಸಿತು, ವಾಲ್ವ್ ಆಮೇಲೆ ಮುಚ್ಚಿತು.

ಪರೀಕ್ಷೆ ಮುಗಿದ ಮೇಲೆ ಮೂವರೂ ಕೂತಾಗ ನಂಬಿಯಾರ್ ಸರ್ ಮೊದಲು ನನ್ನನ್ನೇ ಕೇಳಿದರು, ಕನ್ನಡ ಯಾಕೆ ಬಂತು ಎಂದು. ಗಾಬರಿಯಲ್ಲಿ ಅಭ್ಯರ್ಥಿ ಕಟ್ಟಳೆ ಬಿಡುತ್ತಾನೋ ನೋಡೋಣವೆಂದು ಹಾಗೆ ಮಾಡಿದೆ ಎಂದೆ. ಅವರು ಮೆಚ್ಚಿ ತಲೆಯಾಡಿಸಿದರು. ಆಮೇಲೆ ಕೇಳಿದರು — ಇವರು ಹೇಳಿದ ಆ 'ಆಯ್ತು' ಅಂದರೆ ಏನು?

"ಡನ್ ಸರ್," ಎಂದೆ. "ಮುಗಿಯಿತು ಅಂತ."

ನೀವು ಬೆಚ್ಚಿ ನನ್ನ ಕಡೆ ನೋಡಿದಿರಿ. ಇಲ್ಲ ಸರ್, ಸರಿ ಮಾಡುತ್ತೇನೆ ಅನ್ನುವ ಅರ್ಥದಲ್ಲಿ ಹೇಳಿದ್ದು ಎಂದಿರಿ. ನಂಬಿಯಾರ್ ಸರ್ ಮತ್ತೆ ನನ್ನತ್ತ ತಿರುಗಿದರು. ಆ ಕೋಣೆಯಲ್ಲಿ ಕನ್ನಡ ಬಲ್ಲ ಇನ್ನೊಬ್ಬಳು ನಾನೇ. ತರಕಾರಿಯವನಿಂದ ಹಿಡಿದು ಮಠದ ಸ್ವಾಮಿಗಳವರೆಗೆ ಬೆಂಗಳೂರಿನಲ್ಲಿ ಎಲ್ಲರೂ ಯಾವುದಕ್ಕೆ 'ಆಯ್ತು' ಅನ್ನುತ್ತಾರೆಂದು ನನಗೆ ಗೊತ್ತಿಲ್ಲವೇ? ಆಯ್ತು, ಬರ್ತೀನಿ, ಆಯ್ತು, ನೋಡೋಣ, ಆಯ್ತು ಬಿಡಿ. ಎಷ್ಟೋ ಸಲ ಮಾಡುವುದೇ ಇಲ್ಲದ ಕೆಲಸಕ್ಕೂ ಆಯ್ತು ಅನ್ನುತ್ತೇವೆ. ಅಷ್ಟನ್ನು ಹೇಳಿದ್ದರೆ ನಂಬಿಯಾರ್ ಸರ್ ನಕ್ಕು ಮುಂದಕ್ಕೆ ಹೋಗುತ್ತಿದ್ದರು.

"ಓಕೆ ಅನ್ನೋಕೆ ನಮ್ಮಲ್ಲಿ 'ಸರಿ' ಅಂತ ಬೇರೆ ಪದ ಇದೆ ಸರ್," ಎಂದೆ.

ನಿಘಂಟು ತೆರೆದರೆ ನನ್ನ ಎರಡು ಮಾತೂ ನಿಜ. ಎರಡು ನಿಜಗಳನ್ನು ಜೋಡಿಸಿ ನಾನು ಒಂದು ಸುಳ್ಳು ಕಟ್ಟಿದೆ. ಮಾಡದ ಕೆಲಸವನ್ನು ಮಾಡಿದೆನೆಂದು ವರದಿ ಮಾಡಿದ್ದಾರೆ ಎಂದು ನಂಬಿಯಾರ್ ಸರ್ ಬರೆದರು, ನಾನು ಕೆಳಗೆ ಸಹಿ ಹಾಕಿದೆ. ಹೊರಗೆ ಬಂದಾಗ ನನಗನ್ನಿಸಿತು — ತಿಳಿದವರು ಬಾಯಿ ಬಿಡದೆ ಕೂತರೆ ಹೇಗಿರುತ್ತದೆಂದು ಈಗ ನೋಡಿಕೊಳ್ಳಲಿ.

ನೀವು ಮತ್ತೆ ಪರೀಕ್ಷೆಗೆ ಕೂರಬಹುದಿತ್ತು. ಕೂರಲಿಲ್ಲ, ಕೆಲಸವನ್ನೇ ಬಿಟ್ಟು ಹೋದಿರಿ ಎಂದು ಕೇಳಿ ಸೇಡು ಇನ್ನಷ್ಟು ಚೆನ್ನಾಗಿ ತೀರಿತು ಎಂದುಕೊಂಡೆ. ನನಗೆ ಮದುವೆಯಾಯಿತು, ಅವಳಿ ಮಕ್ಕಳಾದವು. ನಾಮಕರಣದ ಕರೆಯೋಲೆಯನ್ನು ವಿಜಯನಗರಕ್ಕೆ, ನಿಮ್ಮ ತಾಯಿಯ ಹೆಸರಿಗೇ ಕಳಿಸಿದೆ. ಅವಳಿ ಎಂಬ ಪದವನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೆ. ಈಗಲೂ ಅದನ್ನು ನೆನೆದರೆ ತುಟಿಯಂಚಿನಲ್ಲಿ ನಗು ಬರುತ್ತದೆ. ನಾನು ಅಂಥವಳೇ.

ಹೋದ ತಿಂಗಳು ಕೆಂಗೇರಿ ಉಪನಗರದ ನಮ್ಮ ಮನೆಯ ಇನ್ವರ್ಟರ್ ಕೆಟ್ಟಿತು. ಪಕ್ಕದ ಮನೆಯವರು ಮಲ್ಲತ್ತಹಳ್ಳಿಯ ಒಂದು ಅಂಗಡಿಯ ನಂಬರ್ ಕೊಟ್ಟರು, ಬಹಳ ನಿಯತ್ತಿನ ಮನುಷ್ಯ ಎಂದರು. ಬಾಗಿಲು ತೆರೆದರೆ ನೀವು. ಕೂದಲು ಬೆಳ್ಳಗಾಗಿತ್ತು. ಗುರುತು ಹಿಡಿದು, ಅಂದು ನಮ್ಮ ಮನೆಯಲ್ಲಿ ತಿಂದ ಪಾಯಸ ಬಹಳ ಚೆನ್ನಾಗಿತ್ತು ಎಂದಿರಿ. ಪಾಯಸ ನೆನಪಿದೆ! ಆ ಮಾತು ನೆನಪಿಲ್ಲ. ಟೀ ಕೊಡುವ ನೆಪದಲ್ಲಿ ಒಳಗೆ ಹೋಗಿ ಒಂದು ಗಳಿಗೆ ನಿಂತು ಬಂದೆ.

ಬ್ಯಾಟರಿ ಬದಲಾಯಿಸಬೇಕು ಎಂದಿರಿ. ನಾಳೆ ಬೆಳಗ್ಗೆ ತಂದು ಹಾಕಿಬಿಡಿ ಎಂದೆ. ಬೇರೆ ಯಾರಾದರೂ ಆಗಿದ್ದರೆ ಆಯ್ತು ಮೇಡಂ ಅನ್ನುತ್ತಿದ್ದರು. ನೀವು ನಿಂತು, ನಾಳೆ ಬೆಳಗ್ಗೆ ಹೊಸ ಬ್ಯಾಟರಿ ತಂದು ಹಾಕುತ್ತೇನೆ ಎಂದು ನಾನು ಹೇಳಿದ್ದನ್ನೇ ತಿರುಗಿ ಹೇಳಿದಿರಿ. ಹಳೆಯ ಅಭ್ಯಾಸ ಹೋಗಿಲ್ಲ ಎಂದು ನಕ್ಕೆ. ನೀವು ನಗಲಿಲ್ಲ.

"ಆ ಪದಾನೇ ಬಿಟ್ಬಿಟ್ಟಿದೀನಿ ಮೇಡಂ," ಎಂದಿರಿ. "ಮೊದಮೊದಲು ನಾನು ಸರಿ ಅನ್ನೋ ಅರ್ಥದಲ್ಲೇ ಹೇಳ್ದೆ ಅಂತ ಗ್ಯಾರಂಟಿ ಇತ್ತು. ಆಮೇಲೆ ಯೋಚನೆ ಮಾಡ್ದೆ, ಕನ್ನಡ ಗೊತ್ತಿದ್ದೋರು ಅಲ್ಲಿ ನೀವೊಬ್ರೇ, ನೀವೇ ಹಂಗಂದ್ಮೇಲೆ ನಾನು ಸುಳ್ಳೇ ಹೇಳಿರ್ಬೇಕು. ಅದಕ್ಕೇ ಮತ್ತೆ ಪರೀಕ್ಷೆಗೆ ಕೂತ್ಕೊಳ್ಳಿಲ್ಲ. ನನ್ನ ಬಾಯಿ ಮೇಲೆ ನಂಗೇ ನಂಬಿಕೆ ಹೋಗಿತ್ತು." ಹಳೆಯ ಬ್ಯಾಟರಿಯ ತಂತಿ ಬಿಚ್ಚುತ್ತಾ ಸೇರಿಸಿದಿರಿ: "ಅಮ್ಮ ಇವತ್ತಿಗೂ ಕೇಳ್ತಾಳೆ, ಯಾಕ ಸುಳ್ಳ ಹೇಳಿದಿ ಅಂತ. ನಂಗೆ ಉತ್ತರ ಗೊತ್ತಿಲ್ಲ."

ನಾನು ನಿಮ್ಮ ಲೈಸೆನ್ಸು ಕಿತ್ತುಕೊಂಡೆ ಎಂದಷ್ಟೇ ತಿಳಿದಿದ್ದೆ. ಅದಕ್ಕೆ ನನ್ನ ಹತ್ತಿರ ಸಮಾಧಾನವಿತ್ತು — ನೀವು ನನ್ನದನ್ನು ಕಿತ್ತುಕೊಂಡಿರಿ, ನಾನು ನಿಮ್ಮದನ್ನು. ಆದರೆ ನಿಮ್ಮ ಬಾಯಿಂದ ಬಂದ ಮಾತಿನ ಅರ್ಥವನ್ನು ನೀವೇ ನಂಬದ ಹಾಗೆ ಮಾಡಿದ್ದೇನಲ್ಲ... ಅದಕ್ಕೆ ಯಾವ ಭಾನುವಾರವೂ, ಯಾವ ಪಾಯಸವೂ ಸಮವಲ್ಲ. ನೀವು ಹೋದ ಮೇಲೆ ಅತ್ತುಬಿಟ್ಟೆ. ನಾಚಿಕೆಗೆ ಅತ್ತೆ, ನಿಮ್ಮ ಮೇಲಿನ ಪ್ರೀತಿಗಲ್ಲ.

ಮೊನ್ನೆ ನಂಬಿಯಾರ್ ಸರ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನಿವೃತ್ತರಾಗಿ ಊರಿನಲ್ಲಿದ್ದಾರೆ. ಕೇಳಿ ಮುಗಿಸಿ, ಆಮೇಲಿನ ಪ್ರತಿಯೊಂದು ಬ್ಯಾಚಿಗೂ ಆ ಹುಡುಗನ ಕಥೆಯನ್ನೇ ಪಾಠ ಮಾಡಿದೆ, ಸುಳ್ಳು ವರದಿಗೆ ಉದಾಹರಣೆ ಅಂತ, ಎಂದರು. ಆ ಪಾಠ ನನಗೂ ಗೊತ್ತು. ಎಷ್ಟೋ ಸಲ ನಾನೂ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದೇನೆ. ಅವರು ಸಂಸ್ಥೆಗೆ ಬರೆಯುತ್ತೇನೆ ಎಂದಿದ್ದಾರೆ. ನಾನೂ ಬರೆದು ಕಳಿಸಿದ್ದೇನೆ. ಸಂಸ್ಥೆಯವರು ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

ಮಲ್ಲಿಕಾರ್ಜುನ, ನಿಮ್ಮ ಮೇಲಿನ ಸಿಟ್ಟು ನನ್ನಲ್ಲಿ ಇನ್ನೂ ಇದೆ. ಅಪ್ಪ ಚಪ್ಪಲಿ ಬಿಡದೆ ಕೂತ ಆ ಭಾನುವಾರಕ್ಕೆ ನಿಮ್ಮನ್ನು ಕ್ಷಮಿಸಲು ನನ್ನಿಂದ ಆಗಿಲ್ಲ. ನನ್ನನ್ನು ಕ್ಷಮಿಸಿ ಎಂದು ನಿಮ್ಮನ್ನೂ ಕೇಳುವುದಿಲ್ಲ. ಈ ಬರಹ ನಿಮ್ಮ ಕೈ ಸೇರಿದ ಮೇಲೆ ಬರುವ ಭಾನುವಾರ ನಾನು ವಿಜಯನಗರಕ್ಕೆ ಬರುತ್ತೇನೆ. ಬಾಗಿಲು ತೆರೆಯುವುದು ಬಿಡುವುದು ನಿಮಗೆ ಸೇರಿದ್ದು. ಜಗತ್ತಿನಲ್ಲಿ ಯಾರ ಮುಂದೆ ಬೇಕಾದರೂ ತಲೆ ತಗ್ಗಿಸಿಯೇನು, ಆ ಒಬ್ಬ ಹೆಂಗಸಿನ ಮುಂದೆ ಮಾತ್ರ ಇಲ್ಲ ಎಂದು ಹಟ ಹಿಡಿದಿದ್ದೆ. ಅದೇ ಹೆಂಗಸಿನ ಮುಂದೆ, ನಿಮ್ಮ ತಾಯಿಯ ಮುಂದೆ ಕೂತು ಹೇಳುತ್ತೇನೆ: ನಿಮ್ಮ ಮಗ ಸುಳ್ಳು ಹೇಳಿರಲಿಲ್ಲ, ಹೇಳಿದವಳು ನಾನು. ಅವರು ಏನಂದರೂ ಕೇಳಿಸಿಕೊಳ್ಳುತ್ತೇನೆ. ತಿರುಗಿ ಒಂದು ಮಾತೂ ಆಡುವುದಿಲ್ಲ.