ತೋರಿಸದೆ ಬಿಟ್ಟ ಮೂರು ಹಿಡಿ

ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಕಚ್ಚಿ ನೋಡುವುದು ನನ್ನ ಕೆಲಸ. ಕಾಳು ಹಲ್ಲಿಗೆ ಕಟ್ ಎಂದರೆ ಒಣಗಿದೆ, ಮೆತ್ತಗೆ ಒತ್ತಿದರೆ ಹಸಿ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಈ ಹಲ್ಲೇ ವಿದ್ಯೆ. ಅದೇ ಗಿರಣಿಯ ಕಣದಲ್ಲಿ ನನ್ನ ತಂಗಿ ಬೇಯಿಸಿದ ಭತ್ತ ಒಣಗಿಸುತ್ತಿದ್ದಳು. ಕಾಲಲ್ಲಿ ಆಗಾಗ ತಿರುವಿ ಹದವಾಗಿ ಒಣಗಿಸದಿದ್ದರೆ ಅಕ್ಕಿ ಮುರಿದು ನುಚ್ಚಾಗುತ್ತದೆ.

ತೇವ ಅಳೆಯುವ ಯಂತ್ರ ಬಂದ ಹೊಸದರಲ್ಲಿ ಅವಳು ಕಣದ ಹೆಂಗಸರ ಮುಂದೆ, "ಮಿಷನ್ ಬಂದೈತಿ, ಇನ್ನ ನಮ್ಮಣ್ಣನ ಹಲ್ಲು ಶೇಂಗಾ ತಿನ್ನಾಕ ಅಷ್ಟ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಾತು ಒಳಗೆ ಚುಚ್ಚಿಕೊಂಡು ಉಳಿಯಿತು.

ಮುಂದಿನ ವಾರ ನುಚ್ಚು ಹೆಚ್ಚಾಯಿತು. ಯಾರು ಒಣಗಿಸಿದ್ದು ನೋಡು ಎಂದು ಸಾಹುಕಾರರು ನನಗೇ ಹೇಳಿದರು. ನಾನು ಬೇರೆ ಯಾರ ರಾಶಿಗೂ ಹೋಗಲಿಲ್ಲ, ನೆಟ್ಟಗೆ ತಂಗಿಯ ರಾಶಿಗೆ ಹೋದೆ. ನಾಲ್ಕು ಹಿಡಿ ತೆಗೆದು ಸಿಪ್ಪೆ ಬಿಡಿಸಿದೆ. ಮೂರು ಎಲ್ಲರ ಅಕ್ಕಿಯ ಹಾಗೆಯೇ ಇದ್ದವು. ನಾಲ್ಕನೆಯದರಲ್ಲಿ ನುಚ್ಚು ವಿಪರೀತ. ಆ ಒಂದು ಹಿಡಿಯನ್ನು ಸಾಹುಕಾರರ ಮೇಜಿನ ಮೇಲಿಟ್ಟೆ. ಮೂರನ್ನು ಚೀಲಕ್ಕೆ ಸುರಿದುಬಿಟ್ಟೆ.

ಮರುದಿನವೇ ಅವಳನ್ನು ಕಣದಿಂದ ಬಿಡಿಸಿದರು. "ನೀ ನೋಡಿ ಹೇಳಿದ್ಯಾ ಅಣ್ಣಾ?" ಎಂದಷ್ಟೇ ಕೇಳಿದಳು.

"ಕಣ್ಣಾರೆ ನೋಡೀನಿ" ಎಂದೆ.

ಅವಳ ಮಗಳು ಹೊಸಪೇಟೆಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುತ್ತಾಳೆ. ಶನಿವಾರ ಬಸ್ಸಿಳಿದವಳು ಸೀದಾ ನನ್ನ ಹತ್ತಿರ ಬಂದಳು. "ಮಾವಾ, ಅವ್ವ ಒಣಗಿಸಿದ ಚೀಲ ಗೋದಾಮಿನಾಗ ಅದಾವಲ್ಲ, ಹತ್ತು ಹಿಡಿ ತರ್ರಿ. ಉಳಿದವರದ್ದೂ ಹತ್ತು. ಚೀಲ ನೀವು ಆರಿಸಬ್ಯಾಡ್ರಿ, ಚೀಟಿ ಎತ್ರಿ."

ಚೀಲದ ನಂಬರು ಬರೆದ ಚೀಟಿ ಎತ್ತಿ, ಇಪ್ಪತ್ತು ಹಿಡಿ ತಂದೆ. ಭಾನುವಾರ ಇಬ್ಬರೂ ಕೂತು ಪ್ರತಿ ಹಿಡಿಯಲ್ಲಿ ನೂರು ಕಾಳಿಗೆ ಎಷ್ಟು ನುಚ್ಚು ಎಂದು ಎಣಿಸಿದೆವು. ತಂಗಿಯ ಹತ್ತು ಹಿಡಿಗೆ ಒಟ್ಟು ತೊಂಬತ್ತು, ಉಳಿದವರದು ಎಪ್ಪತ್ತೆಂಟು.

"ನೋಡವಾ, ನಿಮ್ಮವ್ವಂದ ಹೆಚ್ಚೈತಿ."

"ಹೆಚ್ಚೈತಿ. ಆದ್ರ ಯಾರು ಒಣಗಿಸಿದ್ರೂ ಹಿಡಿಗೆ ಹಿಡಿ ಸಮ ಇರಂಗಿಲ್ಲ. ಅವ್ವಂದಕೂ ಉಳಿದವರದಕೂ ಫರಕಿಲ್ಲ ಅಂತ ಮೊದಲು ಹಿಡಕೊಳ್ಳೋಣು. ಹಂಗಿದ್ರ ಯಾವ ಹಿಡಿಗೆ ಯಾರ ಹೆಸರು ಬರದ್ರೂ ಒಂದ. ಕಲಸಿ ನೋಡೋಣು."

ಇಪ್ಪತ್ತು ಲೆಕ್ಕಗಳನ್ನು ಇಪ್ಪತ್ತು ಚೀಟಿಗಳಲ್ಲಿ ಬರೆದಳು. ಕಲಸುವುದು, ಹತ್ತು ಎಡಕ್ಕೆ ಹತ್ತು ಬಲಕ್ಕೆ ಹಾಕುವುದು, ಎಡಗಡೆಯದನ್ನು ಕೂಡುವುದು. ಹೀಗೆ ನೂರು ಸಲ. ಶುರು ಮಾಡುವ ಮೊದಲೇ ನನ್ನ ಬಾಯಿಂದ ಮಾತು ತೆಗೆದುಕೊಂಡಳು: ಎಡಗಡೆ ತೊಂಬತ್ತು ಅಥವಾ ಹೆಚ್ಚು ಬರುವುದು ಐದು ಸಲಕ್ಕಿಂತ ಕಡಿಮೆಯಾದರೆ ಮಾತ್ರ ಅವಳ ಅವ್ವನ ಮೇಲೆ ಅನುಮಾನ.

ಸಂಜೆಯ ಹೊತ್ತಿಗೆ ನೂರರಲ್ಲಿ ಇಪ್ಪತ್ತೆರಡು ಸಲ ಹಾಗೆ ಬಂದಿತ್ತು. ಯಾರ ತಪ್ಪೂ ಇಲ್ಲದೆ, ಬರೀ ಕಲಸಾಟದಲ್ಲೇ.

"ಇನ್ನ ಹತ್ತು ಹಿಡಿ ತರ್ಲೇನು?" ಎಂದೆ.

"ನಿಮಗ ಬೇಕಾದ ಉತ್ತರ ಬರೋಮಟ ತರ್ತೀರೇನ್ ಮಾವಾ?" ಎಂದು ನಕ್ಕಳು. ನಾನು ಮಾಡಿದ್ದು ಅವಳಿಗೆ ಗೊತ್ತಿರಲಿಲ್ಲ. ನನಗೆ ನಾನು ಸುರಿದ ಮೂರು ಹಿಡಿ ಕಂಡವು.

"ಹಂಗಾರ ನಿಮ್ಮವ್ವಂದು ತಪ್ಪಿಲ್ಲ ಅಂತ ಖಾತ್ರಿ ಆತು?"

"ಖಾತ್ರಿ ಇಲ್ರಿ. ತಪ್ಪೈತಿ ಅನ್ನಾಕ ಆಧಾರ ಇಲ್ಲ, ಅಷ್ಟ. ಆಧಾರ ಇಲ್ದ ಹ್ಯಾಂಗ ಕೆಲಸ ಬಿಡಸ್ತೀರಿ?"

ಈ ಲೆಕ್ಕ ಈಗ ನನಗೆ ಯಾರು ಕೇಳಿದರೂ ಹೇಳಬಲ್ಲಷ್ಟು ಚೆನ್ನಾಗಿ ಗೊತ್ತು. ಕೆಟ್ಟ ಭತ್ತವನ್ನು ಒಳ್ಳೆಯದೆಂದು ಬಿಟ್ಟು ಎಷ್ಟೋ ಸಲ ತಪ್ಪಿದ್ದೇನೆ. ಕಚ್ಚಿ ನೋಡುವವನಿಗೆ ಅದು ಇದ್ದದ್ದೇ. ಒಳ್ಳೆಯದನ್ನು ಕೆಟ್ಟದೆಂದು ತಳ್ಳುವುದೂ ಆಗುತ್ತದೆ. ಆದರೆ ನನ್ನದು ಆ ಎರಡೂ ಅಲ್ಲ. ನಾನು ಉತ್ತರ ಮೊದಲೇ ಇಟ್ಟುಕೊಂಡು ಹೋಗಿ ಅದಕ್ಕೊಪ್ಪುವ ಹಿಡಿ ಹುಡುಕಿದವನು.

ಸೋಮವಾರ ತಂಗಿಯನ್ನು ಕರೆದುಕೊಂಡು ಹೋಗಿ, ಅವಳೆದುರೇ ಸಾಹುಕಾರರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

"ನಾಲ್ಕು ತಗದು ಒಂದು ತೋರಿಸಿದ್ಯಾ? ಇಷ್ಟು ವರ್ಷ ನಿನ್ನ ಹಲ್ಲು ನಂಬೀನಲ್ಲೋ." ಆಮೇಲೆ ತಂಗಿಯ ಕಡೆ ತಿರುಗಿ, "ಕಣಕ್ಕ ಬಾರವಾ. ಇನ್ನ ಮ್ಯಾಲ ಯಾವ ಚೀಲ ಅಂತ ನೀ ಚೀಟಿ ಎತ್ತು, ಇವ ಹಿಡಿ ತಗೀಲಿ" ಎಂದರು.

ಆ ವರ್ಷ ನಾಗರಪಂಚಮಿಗೆ ತವರಿಗೆ ಕರೆಯಲು ಹೋದರೆ ತಂಗಿ ಬಾಗಿಲಲ್ಲೇ ಮಾತು ಮುಗಿಸಿದಳು, ಬರಲಿಲ್ಲ. ಗಿರಣಿಯಲ್ಲಿ ಮಾತ್ರ ದಿನವೂ ನನ್ನೆದುರು ನಿಲ್ಲುತ್ತಾಳೆ. ಚೀಟಿ ಬಿಚ್ಚಿ, "ಏಳನೇ ಚೀಲ" ಎನ್ನುತ್ತಾಳೆ. ನಾನು ತೆಗೆದ ಹಿಡಿಗಳೆಲ್ಲ ಸಾಲಾಗಿ ಮೇಜಿನ ಮೇಲೆ ಕೂರುವವರೆಗೆ ಅಲ್ಲಿಂದ ಕದಲುವುದಿಲ್ಲ.

"ನಾಕೂ ಇಟ್ಟೀಯೇನ್ ಅಣ್ಣಾ?"

"ಎಣಿಸ್ಕೋ" ಎನ್ನುತ್ತೇನೆ. ಅವಳು ಎಣಿಸಿಕೊಳ್ಳುತ್ತಾಳೆ.